ಸ್ಪಷ್ಟನೆ: ಯಾಂಕೀಸ್ ವಿರುದ್ಧದ ನೋ-ಹಿಟರ್ ಸಾರ್ಲೂಸ್ ಒಬ್ಬರದಲ್ಲ

ಅಮೆರಿಕದ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) ಕಾಲೇಜು ಬೇಸ್‌ಬಾಲ್ ತಂಡದ ಕೋಚ್ ಕರ್ಕ್ ಸಾರ್ಲೂಸ್ ಪಿಚರ್ (ಚೆಂಡೆಸೆಯುವವರು) ಆಗಿದ್ದಾಗ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಒಬ್ಬರೇ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪುವ ಅವಕಾಶ, ಕೊಡದ ಪಂದ್ಯ) ಎಸೆದು ಗೆದ್ದರು ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಸತ್ಯ.

2003ರ ಜೂನ್ 11ರ ಆ ಪಂದ್ಯದಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಪರ ಎಸೆದವರು ಆರು ಮಂದಿ. ಮೊದಲಿಗ ರಾಯ್ ಓಸ್ವಾಲ್ಟ್ ಒಂದೇ ಇನ್ನಿಂಗ್ ಮುಗಿಸಿ, ತೊಡೆಸಂದಿನ ಸ್ನಾಯು ಹಿಡಿದು ಹೊರನಡೆದರು. ಆಮೇಲೆ ಪೀಟರ್ ಮನ್ರೋ. ನಾಲ್ಕನೇ ಇನ್ನಿಂಗ್‌ನಲ್ಲಿ ಎರಡು ಔಟ್ ಆದ ಮೇಲೆ ಬಂದ ಸಾರ್ಲೂಸ್, ಐದನೆಯದನ್ನು ಮುಗಿಸಿಕೊಟ್ಟರು. ಇನ್ನಿಂಗ್‌ಗೆ ಮೂರು ಔಟ್; ಅಂದರೆ ಅವರದು ನಾಲ್ಕು ಔಟ್. ಸ್ಕೋರ್‌ಪಟ್ಟಿಯಲ್ಲಿ ಇದು 1.1 ಎಂದಿರುತ್ತದೆ, ಅದು ದಶಮಾಂಶವಲ್ಲ, ನಮ್ಮ ಕ್ರಿಕೆಟ್‌ನ 1.1 ಓವರ್ ಇದ್ದಹಾಗೆ: ಒಂದು ಪೂರ್ತಿ ಇನ್ನಿಂಗ್, ಮೇಲೊಂದು ಔಟ್. ಉಳಿದದ್ದು ಲಿಜ್, ಡೊಟೆಲ್, ವ್ಯಾಗ್ನರ್ ಪಾಲು. ಫಲಿತಾಂಶ 8-0.

ಬೇಸ್‌ಬಾಲ್‌ನಲ್ಲಿ ಗೆಲುವನ್ನು ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ; ಇಲ್ಲಿ ಅದನ್ನು ಬರೆದದ್ದೂ ಲಿಜ್ ಹೆಸರಿಗೆ. ಮೊದಲಿಗ ಐದು ಇನ್ನಿಂಗ್ ಪೂರೈಸದಿದ್ದರೆ, ನಂತರ ಬಂದವರಲ್ಲಿ ಹೆಚ್ಚು ಪರಿಣಾಮಕಾರಿಯಾದವರನ್ನು ಸ್ಕೋರರ್ ಆರಿಸುತ್ತಾರೆ.

ಹಾಗೆಂದು ಸಾರ್ಲೂಸ್ ಕಡಿಮೆಯವರೇನಲ್ಲ. ಆ ನಾಲ್ಕು ಔಟ್‌ಗಳ ನಡುವೆ ಒಂದು ಹಿಟ್ ಬಿಟ್ಟಿದ್ದರೂ ದಾಖಲೆಯೇ ಇರುತ್ತಿರಲಿಲ್ಲ. 2005ರಲ್ಲಿ ಓಕ್ಲೆಂಡ್ ಪರ 10 ಪಂದ್ಯ ಗೆದ್ದರು.

ಇನ್ನೊಂದು ತಿದ್ದುಪಡಿ: ಸಾರ್ಲೂಸ್ ಮೊದಲಿನಿಂದಲೂ ಟಿಸಿಯು ಮುಖ್ಯ ಕೋಚ್ ಅಲ್ಲ; ಅಲ್ಲಿಗೆ ಬಂದದ್ದು ಪಿಚಿಂಗ್ ಕೋಚ್ ಆಗಿ. ಆಗಿನ ಮುಖ್ಯ ಕೋಚ್ ಜಿಮ್ ಶ್ಲಾಸ್‌ನೇಗಲ್ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ, 2021ರಲ್ಲಷ್ಟೇ ಮುಖ್ಯ ಕೋಚ್ ಆದರು. 2023ರಲ್ಲಿ ತಂಡವನ್ನು ಕಾಲೇಜು ಬೇಸ್‌ಬಾಲ್‌ನ ಅಂತಿಮ ಸುತ್ತಾದ, ಒಮಾಹಾದ ಕಾಲೇಜ್ ವರ್ಲ್ಡ್ ಸೀರೀಸ್‌ಗೆ ಮುಟ್ಟಿಸಿದರು.