ಹೇಗೂ ಮನೇಲೇ ಇರ್ತೀಯಲ್ಲ

ನಿನ್ನೆ ದೊಡ್ಡಪ್ಪನ ವರ್ಷದ ತಿಥಿ. ಎರಡನೇ ಪಂಕ್ತಿಯಲ್ಲಿ ನನ್ನ ಪಕ್ಕ ಚಿಕ್ಕಪ್ಪನ ಮಗ ಕೂತಿದ್ದ. ಕಿವಿಯಲ್ಲಿ ಇಯರ್‌ಬಡ್, ತೊಡೆಯ ಮೇಲೆ ಫೋನು. ಬಡಿಸುವವರು ಬಂದು "ಹುಳಿ?" ಎಂದು ಕೇಳುವುದಕ್ಕೂ, ಇವನು ಎಡಗೈಯಲ್ಲಿ ಮ್ಯೂಟ್ ತೆಗೆದು "ಯೆಸ್, ಯೆಸ್, ಗೋ ಅಹೆಡ್" ಎನ್ನುವುದಕ್ಕೂ ಸರಿಹೋಯಿತು. ಅವರು ಧಾರಾಳವಾಗಿ ಎರಡು ಸೌಟು ಸುರಿದು ಮುಂದೆ ಹೋದರು. ಹುಳಿ ಕೋಸಂಬರಿಯನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಪುಣ್ಯಾತ್ಮನಿಗೆ ಗೊತ್ತೇ ಆಗಲಿಲ್ಲ.

"ರಜಾ ಹಾಕಿಲ್ವೇನೋ?" ಅಂದೆ.

"ಹಾಕಿದೀನಿ ಅಕ್ಕ. ಹೇಗೂ ಮನೇಲೇ ಇರ್ತೀಯಲ್ಲ, ಅರ್ಧ ಗಂಟೆ ಜಾಯಿನ್ ಆಗು ಅಂದ್ರು ಮ್ಯಾನೇಜರು."

ನನಗೆ ಪಿತ್ತ ನೆತ್ತಿಗೇರಿದ್ದು ಅಲ್ಲೇ. ಆಫೀಸಿಗೆ ಹೋಗುವವನು ರಜೆ ಹಾಕಿದರೂ ಮನೆಯಲ್ಲೇ ಇರುತ್ತಾನೆ, ಅಲ್ವಾ? ಅವನಿಗೆ ಯಾರೂ ಹೀಗೆ ಹೇಳುವುದಿಲ್ಲ. ಮನೆಯಿಂದ ಕೆಲಸ ಮಾಡುವವನಿಗೆ ಮಾತ್ರ ರಜೆ ಅಂದರೆ ರಜೆಯಲ್ಲ, ಕ್ಯಾಮೆರಾ ಆಫ್ ಅಷ್ಟೇ.

2020ರ ಮಾರ್ಚಿನಲ್ಲಿ ಲ್ಯಾಪ್‌ಟಾಪ್ ಹೊತ್ತುಕೊಂಡು ಶಿವಮೊಗ್ಗಕ್ಕೆ ಬಂದಾಗಿನಿಂದ ನಾನೂ ಈ ಮಾತು ಕೇಳುತ್ತಲೇ ಇದ್ದೇನೆ. ಪಕ್ಕದ ಮನೆಯವರೂ ಹೇಳುತ್ತಾರೆ, "ಹೇಗೂ ಮನೇಲೇ ಇರ್ತೀಯಲ್ಲ, ಸಿಲಿಂಡರ್ ಬಂದ್ರೆ ಇಳಿಸ್ಕೊಂಬಿಡಮ್ಮ." ಅವರ ಮೇಲೆ ಕೋಪವಿಲ್ಲ. ಸಿಲಿಂಡರಿನವನು ಎರಡು ನಿಮಿಷದಲ್ಲಿ ಹೋಗುತ್ತಾನೆ. ಮತ್ತೆ ರಾತ್ರಿ ಹತ್ತಕ್ಕೆ ಬಂದು "ಸಣ್ಣದೊಂದು ಫಾಲೋ ಅಪ್" ಎನ್ನುವುದಿಲ್ಲ.

ರಾತ್ರಿ ಹತ್ತರ ವಿಷಯ ಹೇಳುತ್ತೇನೆ ಕೇಳಿ. ನಮ್ಮ ಕ್ಲೈಂಟ್ ಕ್ಯಾಲಿಫೋರ್ನಿಯಾದವರು. ಅಲ್ಲಿ ಬೆಳಿಗ್ಗೆ 9 ಆದಾಗ ಅವರ ಬೇಸಿಗೆಯಲ್ಲಿ ನಮಗೆ ರಾತ್ರಿ 9:30. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಗೆ ನಮ್ಮ ಕಾಲ್ 10:30ಕ್ಕೆ. ಮಾರ್ಚಿನವರೆಗೂ ಇದೇ ಕಥೆ. ಅವರಿಗೆ ಒಂದು ಗಂಟೆ ಜಾಸ್ತಿ ನಿದ್ದೆ, ನನಗೆ ಒಂದು ಗಂಟೆ ಕಡಿಮೆ. ಹೋಗಲಿ, ಭೂಮಿ ಗುಂಡಗಿರುವುದು ಯಾರ ತಪ್ಪೂ ಅಲ್ಲ. ಆದರೆ ಬೆಳಿಗ್ಗೆ 9:30ಕ್ಕೆ ಬೆಂಗಳೂರು ಟೀಮಿನ ಜೊತೆಗಿನ ಸ್ಟ್ಯಾಂಡ್ ಅಪ್ (ದಿನಾ ನಡೆಯುವ ಪುಟ್ಟ ಮೀಟಿಂಗು) ಮಾತ್ರ ಒಂದು ನಿಮಿಷವೂ ಹಿಂದೆಮುಂದೆ ಆಗುವುದಿಲ್ಲವಲ್ಲ, ಅದು ಯಾರ ತಪ್ಪು? ರಾತ್ರಿ ಎಷ್ಟು ಬೇಕಾದರೂ ಉದ್ದ ಆಗಬಹುದು, ಬೆಳಗು ತಡವಾಗುವಂತಿಲ್ಲ.

ಇದಕ್ಕೆ ಪರಿಹಾರ ಹೇಳುವವರಿಗೇನೂ ಬರವಿಲ್ಲ. "ಮನೆಯಲ್ಲಿ ಒಂದು ಕೋಣೆಯನ್ನು ಕೆಲಸಕ್ಕೆಂದೇ ಇಟ್ಟುಕೊಳ್ಳಿ." ನಮ್ಮ ಮನೆಯಲ್ಲಿ ಬಿಡುವಾಗಿರುವುದು ದೇವರ ಕೋಣೆ ಒಂದೇ. "ಸಂಜೆ ಆರಕ್ಕೆ ನೋಟಿಫಿಕೇಶನ್ ಆಫ್ ಮಾಡಿ." ಆಹಾ, ಮಾಡೋಣ. ಅಪ್ರೈಸಲ್‌ನಲ್ಲಿ "ರೆಸ್ಪಾನ್ಸಿವ್‌ನೆಸ್" ಅಂತ, ಅಂದರೆ ಕರೆದ ಕೂಡಲೇ ಓಗೊಡ್ತೀವಾ ಅಂತ ನೋಡುವ ಒಂದು ಕಾಲಮ್ ಇದೆಯಲ್ಲ, ಅದನ್ನು ಯಾರು ತುಂಬಿಸುತ್ತಾರೆ? ಗಡಿ ಹಾಕಿಕೊಳ್ಳುವ ಕೆಲಸವನ್ನೂ ನಮ್ಮ ತಲೆಗೇ ಕಟ್ಟಿ, ಗಡಿ ದಾಟುವ ಹಕ್ಕನ್ನು ಮಾತ್ರ ಅವರು ಇಟ್ಟುಕೊಂಡಿದ್ದಾರೆ.

ನಮ್ಮಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು, ನಿಮಗೆಲ್ಲ ಗೊತ್ತು. ನನಗಿಂತ ಎಷ್ಟೋ ಕಷ್ಟದ ಕೆಲಸ. ನೈಟ್ ಔಟ್ (ಬಸ್ಸಿನ ಜೊತೆ ರಾತ್ರಿ ಬೇರೆ ಊರಲ್ಲೇ ತಂಗುವುದು), ಹಬ್ಬದ ದಿನ ಡ್ಯೂಟಿ, ಚಿಲ್ಲರೆ ಜಗಳ. ಆದರೆ ಡಿಪೋದಲ್ಲಿ ವೇಬಿಲ್ಲು, ಕ್ಯಾಶು ಒಪ್ಪಿಸಿ ಬಂದರೆ ಮುಗಿಯಿತು. ರಾತ್ರಿ ಮನೆಗೆ ಫೋನ್ ಮಾಡಿ "ಹೇಗೂ ಎದ್ದಿದೀರಲ್ಲ, ಭದ್ರಾವತಿಗೆ ಒಂದೇ ಒಂದು ಟಿಕೆಟ್ ಹರೀರಿ" ಎಂದು ಯಾರೂ ಹೇಳಲಿಲ್ಲ.

ಗೊತ್ತು, ಯಾರೋ ಒಬ್ಬರು ಹೇಳೇ ಹೇಳುತ್ತೀರಿ: ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪಿತಲ್ಲ, ಬಾಡಿಗೆ ಉಳಿಯಿತಲ್ಲ, ಅಮ್ಮನ ಕೈ ಊಟ ಸಿಗುತ್ತಲ್ಲ, ಇನ್ನೇನು ಬೇಕು ನಿಂಗೆ? ಸ್ವಾಮಿ, ಟ್ರಾಫಿಕ್ ತಪ್ಪಿ ಉಳಿದ ಸಮಯ ನನಗೆ ಬಂದಿದ್ದರೆ ಈ ಮಾತು ಒಪ್ಪುತ್ತಿದ್ದೆ. ಅದು ನೇರವಾಗಿ ಕಂಪನಿಗೆ ಹೋಯಿತು. ಅಮ್ಮನ ಕೈ ಊಟ ನಿಜ. ಆದರೆ ಅಮ್ಮ ಎಂಟಕ್ಕೆ ಬಡಿಸಿದರೆ, ನಾನು ಒಂದು ಕಿವಿ ಅವರಿಗೆ ಕೊಟ್ಟು ಇನ್ನೊಂದು ಕಿವಿಯಲ್ಲಿ ಕಾಲ್‌ಗೆ ಮುಂಚಿನ ಕಾಲ್ ಕೇಳುತ್ತಾ ಉಣ್ಣುವುದು. (ಕಾಲ್‌ಗೆ ತಯಾರಿ ಮಾಡಲು ಇನ್ನೊಂದು ಕಾಲ್. ಇದನ್ನು ಕಂಡುಹಿಡಿದವರು ಸಿಕ್ಕಿದರೆ ಹೇಳಿ.)

ಈಗ ನಿಜ ಹೇಳಿಬಿಡುತ್ತೇನೆ. ನಾನು ಯಾಕೆ ಸುಮ್ನೆ ಇದ್ದೇನೆ ಗೊತ್ತಾ? ಹೆದರಿಕೆ. ಅಮ್ಮನ ಮಂಡಿ ಪೂರ್ತಿ ಹೋಗಿದೆ, ಅವರನ್ನು ಒಬ್ಬರನ್ನೇ ಬಿಟ್ಟು ನಾನು ಬೆಂಗಳೂರಿಗೆ ಹೋಗುವ ಹಾಗಿಲ್ಲ. "ವಾರಕ್ಕೆ ಮೂರು ದಿನ ಆಫೀಸ್" ಎಂಬ ಮೇಲ್ ಆಗಾಗ ಬರುತ್ತದೆ, ಆಗಾಗ ನನಗೆ ವಿನಾಯಿತಿ ಸಿಗುತ್ತದೆ. ಮನೆಯಿಂದ ಕೆಲಸ ಎನ್ನುವುದು ಕೆಲಸದ ಕರಾರು ಅಲ್ಲ, ಅವರು ಮಾಡಿದ ಉಪಕಾರ. ಅದರ ಬಡ್ಡಿಯನ್ನು ರಾತ್ರಿ ಹೊತ್ತು ಕಟ್ಟುತ್ತಿದ್ದೇನೆ. ಆ ಹುಡುಗನೂ ಅಷ್ಟೇ. ಎಲೆ ಮುಂದೆ "ಈಗಾಗಲ್ಲ" ಅಂದಿದ್ದರೆ ಸೋಮವಾರದಿಂದ ಆಫೀಸಿಗೆ ಬಾ ಅಂತಾರೇನೋ ಎಂಬ ಲೆಕ್ಕ ಅವನ ತಲೆಯಲ್ಲೂ ಓಡಿರುತ್ತದೆ.

ಕಾನೂನು ಇಲ್ಲವಾ ಅಂದರೆ ಇದೆ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ದಿನಕ್ಕೆ 9 ಗಂಟೆ, ವಾರಕ್ಕೆ 48. ಓವರ್‌ಟೈಮ್ ಸೇರಿದರೂ ದಿನಕ್ಕೆ 10 ದಾಟಬಾರದು, ಅದಕ್ಕೂ ದುಪ್ಪಟ್ಟು ಸಂಬಳ. ಓದಿ ನಕ್ಕಿರಾ? ನಾನೂ ನಕ್ಕೆ. 2024ರಲ್ಲಿ ಇದನ್ನು 14 ಗಂಟೆಯವರೆಗೆ ಎಳೆಯುವ ಪ್ರಸ್ತಾಪವೇ ಎದ್ದಿತ್ತು, ಐಟಿ ನೌಕರರ ಸಂಘ ಗಲಾಟೆ ಮಾಡಿತು. ದೊಡ್ಡವರೊಬ್ಬರು ವಾರಕ್ಕೆ 70 ಗಂಟೆ ಅಂದರು, ಇನ್ನೊಬ್ಬರು 90 ಅಂದರು. ಹರಾಜು ಕೂಗಿದ ಹಾಗೆ.

ಫ್ರಾನ್ಸಿನಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ಮೇಲ್‌ನಿಂದ ದೂರ ಇರುವ ಹಕ್ಕಿಗೆ 2017ರಿಂದ ಕಾನೂನಿನ ಬಲವಿದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ ಬಂತು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಇಂಥದ್ದೇ ಮಸೂದೆ ಮಂಡಿಸಿದರು, 2025ರ ಡಿಸೆಂಬರಿನಲ್ಲಿ ಮತ್ತೆ ಮಂಡಿಸಿದರು. ಅದು ಖಾಸಗಿ ಸದಸ್ಯರ ಮಸೂದೆ, ಅಂದರೆ ಸರ್ಕಾರವಲ್ಲ, ಮಂತ್ರಿಯಲ್ಲದ ಸದಸ್ಯರೊಬ್ಬರು ತಂದದ್ದು. ಅಂಥದ್ದೊಂದು ಸಂಸತ್ತಿನಲ್ಲಿ ಕೊನೆಯ ಸಲ ಪಾಸಾದದ್ದು 1970ರಲ್ಲಿ. ನಾನು ಹುಟ್ಟಿಯೇ ಇರಲಿಲ್ಲ.

ನಾನು ಫ್ರಾನ್ಸ್ ಕೇಳುತ್ತಿಲ್ಲ. ರಾತ್ರಿ 10:30ಕ್ಕೆ ಕಾಲ್ ಇದ್ದರೆ ಮರುದಿನ ನನ್ನ ಕೆಲಸ ಮಧ್ಯಾಹ್ನ ಶುರು, ಇದನ್ನು ಒಂದು ಮೇಲ್‌ನಲ್ಲಿ ಬರೆದುಕೊಡಿ ಅಂತ ಆಫೀಸಿನವರನ್ನು ಕೇಳಿದೆ. "ಅದೆಲ್ಲ ಬರೆದುಕೊಡೋದು ಯಾಕೆ, ನಾವೆಲ್ಲ ಒಂದೇ ಫ್ಯಾಮಿಲಿ ತರ ಅಲ್ವಾ" ಅಂದರು. ನಮ್ಮ ಫ್ಯಾಮಿಲಿಯಲ್ಲಿ ಆಸ್ತಿಗೆ ಪಾಲುಪಟ್ಟಿ ಬರೆಸಿಯೇ ಇಟ್ಟಿದ್ದಾರೆ, ಅದನ್ನೇ ಹೇಳಿದೆ. ನಗಲಿಲ್ಲ.

ಕಾಮೆಂಟಿನಲ್ಲಿ "ಕೆಲಸ ಬದಲಾಯಿಸು" ಎಂದು ಬರೆಯುವವರು ದಯವಿಟ್ಟು ಹಾಗೆ ಮಾಡದ ಕಂಪನಿಯ ಹೆಸರು, ಅವರ ಎಚ್‌ಆರ್ ನಂಬರು ಎರಡನ್ನೂ ಜೊತೆಗೇ ಹಾಕಿ. ರಾತ್ರಿ ಹತ್ತರ ಮೇಲೆ ಹಾಕಿದರೂ ನಡೆಯುತ್ತದೆ, ಎದ್ದೇ ಇರುತ್ತೇನೆ.