ಕನ್ನಡಕದ ಎರಡು ಕಡ್ಡಿ, ನಾಲ್ಕು ಕೈ

ಉಚಿತ ಕನ್ನಡಕ ಹಂಚುವ ಶಿಬಿರದ ಆ ಫೋಟೊ ಮತ್ತೆ ಬಂದಿದೆ. ನೀವೂ ನೋಡಿರುತ್ತೀರಿ. ಕಾಡಂಚಿನ ಹಾಡಿಯ, ಅಂದರೆ ಆದಿವಾಸಿ ಕೇರಿಯ ಅಜ್ಜಿ, ಮೂಗಿನ ಮೇಲೆ ಹೊಸ ಕನ್ನಡಕ. ಒಂದು ಕಡ್ಡಿ ನಾಯಕರ ಕೈಲಿ, ಇನ್ನೊಂದು ದಾನಿಗಳ ಕೈಲಿ. ಹಿಂದೆ ನಿಂತವರೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ, ಅಜ್ಜಿ ಒಬ್ಬಳನ್ನು ಬಿಟ್ಟು. ಕ್ಯಾಮೆರಾ ಯಾವ ಕಡೆ ಇದೆ ಅಂತ ಅವಳಿಗೆ ಕಂಡರೆ ತಾನೆ?

ಬ್ಯಾನರಿನಲ್ಲಿ ಗಣ್ಯರ ಮುಖಗಳು ಭಾರಿ ದೊಡ್ಡದಾಗಿವೆ. ತಪ್ಪು ತಿಳಿಯಬೇಡಿ. ಪೊರೆ ಬಂದವರಿಗೂ ಕಾಣಲಿ ಎಂಬ ಕಾಳಜಿ ಅದು.

ಹಂಚಿದ್ದೆಲ್ಲ ಒಂದೇ ಪವರಿನ ಕನ್ನಡಕ. ಸಮಾನತೆ ಅಂದರೆ ಇದೇ ಅಲ್ವಾ? ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುತ್ತದೆ. ಸೂಜಿಗೆ ದಾರ ಪೋಣಿಸಲು, ಅಕ್ಕಿಯ ಕಲ್ಲು ಆರಿಸಲು ಅಂಥ ಕನ್ನಡಕ ಬೇಕೇ ಬೇಕು. ಆದರೆ ಅಜ್ಜಿಗೆ ಬಂದಿರುವುದು ಪೊರೆ. ಕಣ್ಣೊಳಗಿನ ಲೆನ್ಸೇ ಬೆಳ್ಳಗಾಗಿದೆ. ಅದರ ಮುಂದೆ ಎಂಥ ಗಾಜು ಇಟ್ಟು ಏನು ಪ್ರಯೋಜನ?

ಆಪರೇಷನ್ ಬೇಕಾ? ಪಟ್ಟಣಕ್ಕೆ ಬನ್ನಿ, ಕಾರ್ಡು ತನ್ನಿ. ಒಟಿಪಿ ಬರಬೇಕು, ಹಾಡಿಯಲ್ಲಿ ನೆಟ್‌ವರ್ಕ್ ಇಲ್ಲ. ಬೆರಳು ಒತ್ತೋಣ ಅಂದರೆ ಕೂಲಿ ಮಾಡಿ ಮಾಡಿ ಗೆರೆ ಸವೆದಿದೆ. ಹಾಗಾದರೆ ಕಣ್ಣು ತೋರಿಸಿ ಅನ್ನುತ್ತದೆ ಮೆಷಿನ್. ಕಣ್ಣು ಸರಿ ಇಲ್ಲ ಅಂತಲೇ ಬಂದಿರುವುದು ಮಾರಾಯ್ರೆ!

ಆಸ್ಪತ್ರೆಯ ವಾಹನವನ್ನೇ ಹಾಡಿಗೆ ತನ್ನಿ ಅಂದರೆ, ‘ರೋಡಿಲ್ಲ ಸರ್, ಫಾರೆಸ್ಟ್‌ನವರು ಬಿಡಲ್ಲ ಸರ್.’ ಸಫಾರಿ ಜೀಪಿಗೆ ಮಾತ್ರ ಅದೇ ಕಾಡಿನಲ್ಲಿ ರೋಡು ಇರುತ್ತದೆ. ಆಸ್ಪತ್ರೆಗೆ, ರಸ್ತೆಗೆ ಗ್ರಾಮಸಭೆ ಒಪ್ಪಿದರೆ ಒಂದು ಹೆಕ್ಟೇರಿನೊಳಗಿನ ಕಾಡುಜಾಗ ಕೊಡಬಹುದು ಅಂತ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ಇದೆ. ಸಾಹೇಬರಿಗೆ ಅಷ್ಟು ಸಣ್ಣ ಅಕ್ಷರ ಕಾಣಿಸಲಿಲ್ಲವೇನೋ.

ಸಫಾರಿ ಅಂದಾಗ ಹುಲಿ ನೆನಪಾಯಿತು. ನಮ್ಮ ಹುಲಿ ಎಣಿಕೆ ಎಷ್ಟು ಅಚ್ಚುಕಟ್ಟು! ದಾರಿಯ ಎರಡು ಬದಿಗೂ ಕ್ಯಾಮೆರಾ. ಎರಡೂ ಮಗ್ಗುಲಿನ ಫೋಟೊ. ಪಟ್ಟೆ ನೋಡಿಯೇ ಇದು ಇಂಥದ್ದೇ ಹುಲಿ ಅಂತ ಗುರುತು. 2022ರ ಎಣಿಕೆಯಲ್ಲಿ ಕರ್ನಾಟಕದ ಪಾಲಿಗೆ 563. ಯಾವ ಹುಲಿಗೂ ಒಟಿಪಿ ಕೇಳಲಿಲ್ಲ. ಕಾಡಿನ ಜಾಡು ಗೊತ್ತಿದ್ದು ಇಲಾಖೆಗೆ ದಾರಿ ತೋರಿಸುವವರಲ್ಲಿ ಜೇನುಕುರುಬರಿದ್ದಾರೆ, ಸೋಲಿಗರಿದ್ದಾರೆ. ಆ ಜೇನುಕುರುಬರ ಹಾಡಿಯಲ್ಲಿ, ಸೋಲಿಗರ ಪೋಡಿನಲ್ಲಿ ಪೊರೆ ಬಂದವರು ಎಷ್ಟು ಜನ ಅಂತ ಅಧಿಕಾರಿಗಳನ್ನು ಕೇಳಿ ನೋಡಿ. ಸುಮ್ನೆ ಮುಖ ನೋಡುತ್ತಾರೆ. ಹುಲಿ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಅದಕ್ಕೆ ಕನ್ನಡಕ ತೊಡಿಸಿ ಫೋಟೊ ತೆಗೆಸಿಕೊಳ್ಳಲು ಯಾವ ನಾಯಕರೂ ಮುಂದೆ ಬಂದಿಲ್ಲ ಎನ್ನುವುದೊಂದೇ ಬೇಸರ.

ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದು 1976ರಲ್ಲಿ. ಪೊರೆ ತೆಗೆಯುವುದು ಹೆಚ್ಚೂ ಕಡಿಮೆ ಕಾಲು ಗಂಟೆಯ ಕೆಲಸ. ಕಣ್ಣಿನ ಡಾಕ್ಟರ್ ಎಂ.ಸಿ. ಮೋದಿ ಊರೂರಿಗೆ ಆಪರೇಷನ್ನನ್ನೇ ಹೊತ್ತು ತಂದರು. ಡಾ. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆಯೇ ಉಳಿದರು, ಸಂಜೆ ಕಾರು ಹತ್ತಲಿಲ್ಲ. ದಾರಿ ಗೊತ್ತಿಲ್ಲ ಅಂತ ಯಾರೂ ಹೇಳುವಂತಿಲ್ಲ.

ಸೋಂಕಿನ ಭಯಕ್ಕೆ ಈಗ ಶಾಲೆ ಕೊಠಡಿಯಲ್ಲಿ ಆಪರೇಷನ್ ಬೇಡ, ಒಪ್ಪೋಣ. ಹಾಗಾದರೆ ತಪಾಸಣೆ ಹಾಡಿಯಲ್ಲೇ ಮಾಡಿ. ಆಸ್ಪತ್ರೆಗೆ ಕರೆದೊಯ್ಯಲು ಜೀಪು ಕಳಿಸಿ, ವಾಪಸ್ ಮನೆವರೆಗೂ ಬಿಡಿ. ಜೊತೆಗೆ ಬರುವ ಮಗನ ಕೂಲಿ ಹೋಗುತ್ತದೆ, ಅದನ್ನು ಕಟ್ಟಿಕೊಡಿ. ಆಮೇಲೆ ವಾರಗಟ್ಟಲೆ ಕಣ್ಣಿಗೆ ಹನಿ ಹಾಕಬೇಕು. ಒಲೆಯ ಹೊಗೆ ತಾಗಬಾರದು, ಕೊಳೆ ನೀರು ಸೋಕಬಾರದು. ಇದನ್ನೆಲ್ಲ ದಿನಾ ನೋಡಿಕೊಳ್ಳಲು ಒಬ್ಬ ಆಶಾ ಕಾರ್ಯಕರ್ತೆ ಬೇಕು, ಆಕೆಗೆ ಅದಕ್ಕೆ ಸಂಬಳ ಬೇಕು. ದುಡ್ಡಿಲ್ಲ ಅನ್ನಬೇಡಿ. ಶಾಮಿಯಾನಕ್ಕೆ, ಶಾಲಿಗೆ, ಏಲಕ್ಕಿ ಹಾರಕ್ಕೆ ಕೊಟ್ಟಿದ್ದು ಯಾರ ದುಡ್ಡು?