ಐದು ಸೆಕೆಂಡ್ ಸರಿ, ಯಾವ ಗಡಿಯಾರದ್ದು?

ಕಂಡೀಷನ್ ವೇರಿಯಬಲ್ (ಒಂದು ಷರತ್ತು ಈಡೇರುವವರೆಗೆ ಥ್ರೆಡ್ಅನ್ನು, ಅಂದರೆ ಪ್ರೋಗ್ರಾಂನ ಒಂದು ಕೆಲಸದ ಎಳೆಯನ್ನು, ಮಲಗಿಸಿಡುವ ಸಾಧನ) ಮೇಲೆ ಟೈಮ್‌ಔಟ್ ಇಟ್ಟು ಕಾಯುವ ಕೋಡ್ ರಿವ್ಯೂಗೆ ಬಂದರೆ ಎಲ್ಲರ ಕಣ್ಣೂ ಲಾಕ್ ಮೇಲೆ, ವೈಲ್ ಲೂಪ್ ಮೇಲೆ. ಗಡಿಯಾರ ಯಾವುದು ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲ ಪ್ರಶ್ನೆಯೇ ಅದಾಗಬೇಕು.

ಹೀಗೆ ಕಾಯಿಸುವ ಸಿ ಫಂಕ್ಷನ್ ಪಿಥ್ರೆಡ್_ಕಾಂಡ್_ಟೈಮ್ಡ್‌ವೇಟ್‌ಗೆ ನಾವು ಹೇಳುವುದು ‘ಇಷ್ಟು ಹೊತ್ತು ಕಾಯಿ’ ಅಂತಲ್ಲ, ‘ಇಷ್ಟು ಗಂಟೆಯವರೆಗೆ ಕಾಯಿ’ ಅಂತ. ಬರೀ 5 ಕೊಟ್ಟರೆ ಅದು, ಎಣಿಕೆ ಶುರುವಾಗುವ 1970ರ ಜನವರಿ 1ರ ಐದನೇ ಸೆಕೆಂಡ್, ಕಾಯದೆಯೇ ಇಟೈಮ್ಡ್‌ಔಟ್, ಅಂದರೆ ‘ಗಡುವು ಮುಗಿಯಿತು’ ಅನ್ನುವ ಉತ್ತರ. ಈಗಿನ ಸಮಯಕ್ಕೆ 5 ಕೂಡಿಸಿ ಕೊಡಬೇಕು. ಡಿಫಾಲ್ಟ್ ಆಗಿ ಈ ‘ಈಗ’ ಅನ್ನುವುದು ಕ್ಲಾಕ್_ರಿಯಲ್‌ಟೈಮ್, ಅಂದರೆ ಗೋಡೆ ಗಡಿಯಾರ. ಅದರ ಮುಳ್ಳನ್ನು ಯಾರಾದರೂ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆ ನಿಮ್ಮ 5 ಸೆಕೆಂಡ್ ಒಂದು ಗಂಟೆ 5 ಸೆಕೆಂಡ್ ಆಯಿತು. ಪುಟ್ಟ ಕಂಪ್ಯೂಟರ್ ಬೋರ್ಡ್ ರಾಸ್ಪ್‌ಬೆರಿ ಪೈ 4ರಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ಬೂಟ್ ಆದಾಗ ಹಳೇ ಸಮಯ, ನೆಟ್‌ವರ್ಕ್ ಸಿಕ್ಕೊಡನೆ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಮಾಡುವ ವ್ಯವಸ್ಥೆ) ಅದನ್ನು ಒಂದೇ ನೆಗೆತಕ್ಕೆ ಮುಂದಕ್ಕೆ ಒಯ್ಯುತ್ತದೆ, ಕಾಯುತ್ತಿದ್ದ ಥ್ರೆಡ್‌ಗಳೆಲ್ಲ ಒಟ್ಟಿಗೆ ಟೈಮ್‌ಔಟ್.

ಮದ್ದು ಸುಲಭ: ಪಿಥ್ರೆಡ್_ಕಾಂಡ್‌ಆಟ್ರ್_ಸೆಟ್‌ಕ್ಲಾಕ್‌ನಲ್ಲಿ ಕ್ಲಾಕ್_ಮೊನೊಟೋನಿಕ್ (ಯಾರೂ ಮುಳ್ಳು ತಿರುಗಿಸಲಾಗದ ಗಡಿಯಾರ) ಇಟ್ಟು, ಆ ಆಟ್ರಿಬ್ಯೂಟನ್ನು ಕಾಂಡ್_ಇನಿಟ್‌ಗೆ ಕೊಡಿ. ಆದರೆ ಅರ್ಧ ಮಾಡಿದರೆ ಇನ್ನೂ ಕೆಟ್ಟದ್ದು. ಡೆಡ್‌ಲೈನ್ ಲೆಕ್ಕ ರಿಯಲ್‌ಟೈಮ್‌ನಲ್ಲೇ ಉಳಿದರೆ ಆ ಸಂಖ್ಯೆ 170 ಕೋಟಿ ಸೆಕೆಂಡ್ ದಾಟಿದ್ದು. ಲಿನಕ್ಸ್‌ನ ಮೊನೊಟೋನಿಕ್ ಎಣಿಸುವುದು ಬೂಟ್‌ನಿಂದ. ಥ್ರೆಡ್ ಐವತ್ತು ವರ್ಷಕ್ಕೂ ಮೇಲೆ ಮಲಗುತ್ತದೆ. ಉಲ್ಟಾ ಆದರೆ, ಅಂದರೆ ಕಾಯುವುದು ರಿಯಲ್‌ಟೈಮ್‌ನಲ್ಲಿ, ಲೆಕ್ಕ ಮೊನೊಟೋನಿಕ್‌ನಲ್ಲಿ ಆದರೆ, ಮಲಗುವುದೇ ಇಲ್ಲ, ಸಿಪಿಯು ನೂರಕ್ಕೆ ನೂರು.

ಡೆಡ್‌ಲೈನನ್ನು ಸೆಕೆಂಡ್, ನ್ಯಾನೊಸೆಕೆಂಡ್ ಅಂತ ಎರಡು ಭಾಗವಾಗಿ ಕೊಡಬೇಕು. ನ್ಯಾನೊಸೆಕೆಂಡ್‌ನದು ಬೇರೆ ತರಲೆ. ಈಗ 70 ಕೋಟಿ ಇದೆ, ಅರ್ಧ ಸೆಕೆಂಡಿಗೆ 50 ಕೋಟಿ ಕೂಡಿಸಿದಿರಿ, 120 ಕೋಟಿ ಆಯಿತು. 100 ಕೋಟಿ ಮುಟ್ಟಿದರೆ ಇಇನ್ವಾಲ್ (‘ಕೊಟ್ಟ ಮೌಲ್ಯ ತಪ್ಪು’ ಅನ್ನುವ ಉತ್ತರ), ಕಾಯುವುದೇ ಇಲ್ಲ. ಕೂಡುವ ಲೆಕ್ಕದಲ್ಲಿ ದಶಕ ಒಯ್ದ ಹಾಗೆ 1 ಸೆಕೆಂಡನ್ನು ಸೆಕೆಂಡ್ ಭಾಗಕ್ಕೆ ಒಯ್ಯಬೇಕು. ಫಂಕ್ಷನ್ ಕೊಟ್ಟ ಉತ್ತರದಲ್ಲಿ ಸೊನ್ನೆಯಲ್ಲದ್ದೆಲ್ಲ ಟೈಮ್‌ಔಟ್ ಅಂದುಕೊಂಡ ಕೋಡ್‌ನಲ್ಲಿ ಈ ತಪ್ಪು ಹೆಚ್ಚುಕಡಿಮೆ ಎರಡು ಸಲಕ್ಕೊಮ್ಮೆ ಆಗುತ್ತಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಡೆಡ್‌ಲೈನ್ ಲೂಪ್‌ನ ಹೊರಗೆ ಒಂದೇ ಸಲ ಲೆಕ್ಕ ಹಾಕಿ. ಒಳಗಿಟ್ಟರೆ ಥ್ರೆಡ್ ಸುಮ್ಸುಮ್ನೆ ಎಚ್ಚರವಾದಾಗಲೆಲ್ಲ ಗಡುವು ಮುಂದಕ್ಕೆ ಹೋಗುತ್ತದೆ. ಟೈಮ್‌ಔಟ್ ಬಂದ ಮೇಲೂ ಷರತ್ತನ್ನು ಮತ್ತೊಮ್ಮೆ ನೋಡಿ. ಮ್ಯೂಟೆಕ್ಸ್ (ಕಾಯುವಾಗ ಬಿಟ್ಟುಕೊಟ್ಟ ಲಾಕ್) ವಾಪಸ್ ಸಿಗುವಷ್ಟರಲ್ಲಿ ಕ್ಯೂಗೆ ಕೆಲಸ ಬಂದು ಬಿದ್ದಿರಬಹುದು.

ಸಿ++ ಬರೆಯುವವರು ‘ನಮ್ಮದು ವೇಟ್_ಫಾರ್, ಸ್ಟೆಡಿ_ಕ್ಲಾಕ್’ ಅಂತ ನಿರಾಳವಾಗಿರುತ್ತಾರೆ; ಸ್ಟೆಡಿ_ಕ್ಲಾಕ್ ಅಂದರೆ ಸಿ++ನ ಮೊನೊಟೋನಿಕ್ ಗಡಿಯಾರ. ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್‌ನ 10ನೇ ಆವೃತ್ತಿಗಿಂತ ಮುಂಚೆ ಅದು ಒಳಗೊಳಗೆ ಕಾಯುತ್ತಿದ್ದದ್ದೂ ಗೋಡೆ ಗಡಿಯಾರದ ಮೇಲೇ. ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿ 2.30ರಲ್ಲಿ, ಗಡಿಯಾರವನ್ನೂ ಹೇಳಿ ಕಾಯಿಸುವ ಪಿಥ್ರೆಡ್_ಕಾಂಡ್_ಕ್ಲಾಕ್‌ವೇಟ್ ಬಂದ ಮೇಲಷ್ಟೇ ಸರಿಹೋಯಿತು. ಬೋರ್ಡ್ ಜೊತೆ ಬಂದ ಹಳೇ ಟೂಲ್‌ಚೈನ್ ಇದ್ದರೆ ಇವತ್ತೇ ವರ್ಷನ್ ನೋಡಿಕೊಳ್ಳಿ.